ಮೊದಲು ನಮ್ಮವರಿಗೆ

"ಸಿಸ್ಟರ್, ನಮ್ಮವರಿಗೆ ಇನ್ನೂ ಸೂಜಿ ಕೊಡ್ಲಿಲ್ಲ. ತಿಂಡಿ ಕೊಡಬಹುದಾ?"

ಇರ್ಫಾನಾ ಕೇಳಿದ್ದು ಇಷ್ಟೇ. ಅವಳ ಕೈಯಲ್ಲಿ ಅಕ್ಕಿರೊಟ್ಟಿಯಂಥ ಪತ್ತಿರಿಯ ಡಬ್ಬಿ ಇತ್ತು, ಮುಚ್ಚಳ ತೆಗೆದಿರಲಿಲ್ಲ. ಅವಳ ಗಂಡ ಸಾಹುಲ್ ಹಮೀದ್ ಸಂಪಾಜೆಯ ಲಾರಿ ಡ್ರೈವರ್. ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಮಾಯದೆ ಪುತ್ತೂರಿನ ಈ ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಮಲಗಿದ್ದ. ಮೊದಲು ಇನ್ಸುಲಿನ್, ಆಮೇಲೆ ತಿಂಡಿ ಎಂಬ ಕ್ರಮ ಅವಳಿಗೆ ರೂಢಿಯಾಗಿತ್ತು.

ವಾರ್ಡಿನ ಇನ್‌ಚಾರ್ಜ್ ಅಚ್ಚಾಮ್ಮ ಔಷಧಿಯ ಟ್ರೇ ನೋಡಿದರು. ಹಮೀದನಿಗೆಂದು ಇನ್ಸುಲಿನ್ ತುಂಬಿಸಿಟ್ಟಿದ್ದ ಸಿರಿಂಜ್ ಖಾಲಿಯಾಗಿತ್ತು. ಟ್ರೇ ಹಿಡಿದು ನಿಂತಿದ್ದವಳು ಸುಪ್ರಿತಾ, ವಾರ್ಡಿನ ಕಿರಿಯ ನರ್ಸ್, ಮದುವೆಯಾಗಿ ವರ್ಷ ತುಂಬದವಳು.

"ಇನ್ಸುಲಿನ್ ಕೊಟ್ಟಾಯ್ತಾ?"

"ಆಯ್ತು ಸಿಸ್ಟರ್."

"ಯಾರಿಗೆ?"

ಸುಪ್ರಿತಾ ಬಾಯಿ ತೆರೆದಳು. ಅವಳ ಕಣ್ಣು ಹಮೀದನ ಕಡೆ ಹೋಯಿತು, ಅಲ್ಲಿಂದ ಪಕ್ಕದ ಮಂಚಕ್ಕೆ ಹೋಗಿ ಅಲ್ಲಿಯೇ ನಿಂತಿತು.

ಪಕ್ಕದ ಮಂಚದಲ್ಲಿದ್ದವರು ಬೆಳ್ಳಾರೆ ಕಡೆಯ ತ್ಯಾಂಪಣ್ಣ ರೈ. ಹೊಟ್ಟೆನೋವೆಂದು ಹಿಂದಿನ ದಿನ ಸಂಜೆ ಸೇರಿದವರು. ಅವರಿಗೆ ಸಕ್ಕರೆ ಕಾಯಿಲೆ ಇಲ್ಲ. ಬೆಳಿಗ್ಗೆ ಸ್ಕ್ಯಾನ್ ಮಾಡಿಸಬೇಕಾದ್ದರಿಂದ ರಾತ್ರಿಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಖಾಲಿ ಹೊಟ್ಟೆಯ ಆ ಮನುಷ್ಯನ ಮೈಯೊಳಗೆ ಈಗ ಬೇರೊಬ್ಬರ ಇನ್ಸುಲಿನ್ ಕೆಲಸ ಶುರು ಮಾಡಿತ್ತು.

ಅಚ್ಚಾಮ್ಮ ಓಡಲಿಲ್ಲ. ವಾರ್ಡಿನಲ್ಲಿ ನರ್ಸ್ ಓಡಿದರೆ ಇಡೀ ವಾರ್ಡ್ ಎದ್ದು ಕೂರುತ್ತದೆ. ಬೇಗ ಬೇಗ ನಡೆದು ಹೋಗಿ ರೈಗಳ ಕೈ ಹಿಡಿದರು. ಅಂಗೈ ಒದ್ದೆಯಾಗಿತ್ತು, ತಣ್ಣಗಿತ್ತು.

"ಎಂತಾಗ್ತದೆ ಅಣ್ಣ?"

"ಎಂತದೋ ಒಂಥರಾ ಸಿಸ್ಟರ್. ಕೈ ನಡುಗುದು. ಹಸಿವೆಯೋ ಏನೋ ಮಾರಾಯ್ರೆ."

"ಸುಪ್ರಿತಾ, ಸಕ್ಕರೆ ನೋಡುವ ಮಿಷನ್ ತಾ. ಡಾಕ್ಟರಮ್ಮನಿಗೆ ಫೋನ್ ಮಾಡು. ಅಳುದು ಆಮೇಲೆ."

ಮಿಷನ್ನಿನಲ್ಲಿ ಬಂದ ಅಂಕಿ ತೀರಾ ಕೆಳಗಿತ್ತು. ಅಚ್ಚಾಮ್ಮ ರೈಗಳ ಕೈಗೆ ಮೊದಲೇ ಹಾಕಿದ್ದ ಸೂಜಿಯ ಮೂಲಕ ಗ್ಲೂಕೋಸ್ ಏರಿಸತೊಡಗಿದರು. ಡಾ. ಪ್ರೀತಿಕಾ ಬಂದಾಗ ರೈಗಳ ಹಣೆಯ ಬೆವರು ದಿಂಬಿಗೆ ಇಳಿದಿತ್ತು. ಆಕೆ ನಾಡಿ ನೋಡಿ, ಡ್ರಿಪ್ಸ್ ಬದಲಾಯಿಸಿ, ಅಚ್ಚಾಮ್ಮನಿಗೆ ಹೇಳಿದರು: "ಈಗ ಸಕ್ಕರೆ ಏರಿದೆ ಅಂತ ಬಿಡುವ ಹಾಗಿಲ್ಲ ಸಿಸ್ಟರ್. ಇನ್ಸುಲಿನ್ ಒಳಗೆ ಉಂಟು. ಮತ್ತೆ ಇಳೀಬಹುದು. ಮಧ್ಯಾಹ್ನ ಕಳೆಯುವವರೆಗೆ ಇವರ ಹತ್ತಿರದಿಂದ ಏಳಬೇಡಿ."

ಆಮೇಲೆ ಮಂಚದ ಬುಡದಲ್ಲಿ ನಿಂತಿದ್ದ ರೈಗಳ ಹೆಂಡತಿ ರಾಜೀವಿಗೂ ಆಗಷ್ಟೇ ಸುಳ್ಯದಿಂದ ಬಂದಿಳಿದ ಮಗ ಅಶ್ವಿತನಿಗೂ ನಡೆದದ್ದನ್ನು ಸುತ್ತು ಬಳಸದೆ ಹೇಳಿದರು. ಬೇರೆಯವರ ಇನ್ಸುಲಿನ್ ತಪ್ಪಿ ಇವರಿಗೆ ಹೋಗಿದೆ. ಅಪಾಯ ಇನ್ನೂ ದಾಟಿಲ್ಲ.

"ತಪ್ಪಿ ಹೋಗುದು ಅಂದ್ರೆ ಎಂತ? ಅದೇನು ಬಸ್ಸಾ?" ಅಶ್ವಿತನ ದನಿ ಹೊರಗಿನ ಔಷಧಿ ಅಂಗಡಿಯವರೆಗೆ ಹೋಯಿತು. "ಯಾರು ಕೊಟ್ಟದ್ದು? ಇವಳಾ? ಫೋನ್ ನೋಡ್ತಾ ಇದ್ದಳಾ?"

ಮ್ಯಾನೇಜರ್ ರಿತೇಶ್ ಬಂದು ಅವನ ಹೆಗಲಿಗೆ ಕೈ ಹಾಕಿ ಹೊರಗೆ ಕರೆದುಕೊಂಡು ಹೋದ. ಹೋಗುವಾಗ ಅವನು ಹೇಳಿದ್ದು ಎಲ್ಲರಿಗೂ ಕೇಳಿಸಿತು: "ಸಂಜೆಯೊಳಗೆ ತೆಗೀತೇವೆ ಸರ್. ನಾಳೆಯಿಂದ ಅವಳು ಇಲ್ಲಿ ಇರುದಿಲ್ಲ."

ರಾಜೀವಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತೇ ಇದ್ದರು. ವಾರ್ಡಿಗೆ ಬಂದಾಗಿನಿಂದ ಒಂದು ಗಳಿಗೆ ಸುಮ್ಮನಿರದಿದ್ದ ಹೆಂಗಸು ಈಗ ಒಂದು ಮಾತೂ ಆಡಲಿಲ್ಲ.

ಹಮೀದನ ಇನ್ಸುಲಿನ್ ತಾವೇ ಕೊಟ್ಟು ಬಂದು ಅಚ್ಚಾಮ್ಮ ಸ್ಟೂಲ್ ಎಳೆದುಕೊಂಡು ರೈಗಳ ಪಕ್ಕ ಕೂತರು. ಹೀಗೆ ಒಬ್ಬರ ಉಸಿರನ್ನು ನೋಡುತ್ತಾ ಕೂರುವುದು ಅವರಿಗೆ ಹೊಸತಲ್ಲ. ಅವರ ಅಪ್ಪ ಕೇರಳದ ಪಾಲಾ ಕಡೆಯಿಂದ ಬಂದು ಇಚಿಲಂಪಾಡಿಯಲ್ಲಿ ಗುಡ್ಡ ಕಡಿದು ರಬ್ಬರ್ ಹಾಕಿದವರು. ಅಚ್ಚಾಮ್ಮ ಹುಟ್ಟಿದ್ದು ಇಲ್ಲೇ, ಓದಿದ್ದು ಕನ್ನಡ ಶಾಲೆಯಲ್ಲಿ. ಮನೆಯಲ್ಲಿ ಮಲಯಾಳ, ಬಸ್ಸಿನಲ್ಲಿ ತುಳು, ಕೇಸ್‌ಶೀಟಿನಲ್ಲಿ ಇಂಗ್ಲಿಷ್. ಮಂಗಳೂರಿನಲ್ಲಿ ನರ್ಸಿಂಗ್ ಮುಗಿಸಿದ ಮೇಲೆ ಜೊತೆಯವರೆಲ್ಲ ಕುವೈಟಿಗೆ ಹೊರಟರು. ಅಚ್ಚಾಮ್ಮನಿಗೂ ವೀಸಾ ಬಂತು. ಆಗ ಅದೇ ಊರಿನ ಡೇವಿಸನ ಜೊತೆ ಮದುವೆಯಾಗಿತ್ತು, ಡೇವಿಸನ ಅಮ್ಮ ಹಾಸಿಗೆ ಹಿಡಿದಿದ್ದರು. ಮನೆಯಲ್ಲೇ ನರ್ಸ್ ಇರುವಾಗ ಹೊರಗಿನವರು ಯಾಕೆ ಎಂದರು ಎಲ್ಲರೂ. ರಜೆಯೂ ಸಂಬಳವೂ ಇಲ್ಲದ ಆ ಡ್ಯೂಟಿ ಮುಗಿಯುವಾಗ ಕುವೈಟ್ ಎಂಬ ಮಾತೇ ಮನೆಯಲ್ಲಿ ಮರೆತುಹೋಗಿತ್ತು. ಅತ್ತೆಯ ಅಂತ್ಯಕ್ರಿಯೆಯ ದಿನ ಪಾದ್ರಿಗಳು ಡೇವಿಸನನ್ನು ಹೊಗಳಿದರು: ಅಮ್ಮನನ್ನು ಎಷ್ಟು ಚೆನ್ನಾಗಿ ನೋಡಿಕೊಂಡ ಮಗ!

ಆಮೇಲೆ ಈ ಆಸ್ಪತ್ರೆ. ನಸುಕಿಗೆ ಎದ್ದು ಪುಟ್ಟು ಬೇಯಿಸುವ ಕೊಳವೆಗೆ ಅಕ್ಕಿಹಿಟ್ಟು ತುಂಬಿಸುವಾಗಲೇ ಮನೆ ಕರೆಯಲು ಶುರು ಮಾಡುತ್ತದೆ. ಮಗಳು ಟಿಂಟುವಿಗೆ ಕಾಲೇಜಿನ ಐಡಿ ಕಾರ್ಡ್ ಸಿಗುವುದಿಲ್ಲ. ಡೇವಿಸನಿಗೆ ಟವೆಲ್ ಸಿಗುವುದಿಲ್ಲ, ಅದು ಅವನ ಹೆಗಲ ಮೇಲೆಯೇ ಇರುತ್ತದೆ. ಕೈ ಕೆಲಸ ಮಾಡುತ್ತಿದ್ದರೆ ಕಿವಿ ಪುರುಸೊತ್ತಾಗಿದೆ ಎಂದೇ ಎಲ್ಲರ ಲೆಕ್ಕ. ಆದರೆ ಡೇವಿಸ್ ರಬ್ಬರ್ ಹಾಲಿಗೆ ಆಸಿಡ್ ಬೆರೆಸುವಾಗ ಯಾರೂ ಮಾತಾಡಿಸಬಾರದು. ನಾಯಿಯೂ ಆ ಕಡೆ ಸುಳಿಯಬಾರದು. ಹೆಚ್ಚುಕಡಿಮೆಯಾದರೆ ಹೆಪ್ಪುಗಟ್ಟುವ ರಬ್ಬರ್ ಶೀಟ್ ಹಾಳು.

ರೈಗಳ ಸಕ್ಕರೆ ಒಂದು ಹದಕ್ಕೆ ಬಂದು ನಿಂತಾಗ ಡಾಕ್ಟರಮ್ಮ ಹತ್ತು ನಿಮಿಷ ತಾನು ಕೂರುತ್ತೇನೆ ಎಂದರು. ಅಚ್ಚಾಮ್ಮ ಬಟ್ಟೆಯ ಕೋಣೆಗೆ ಹೋದರು. ಮಡಚಿಟ್ಟ ಬೆಡ್‌ಶೀಟುಗಳ ನಡುವೆ ಸುಪ್ರಿತಾ ಗೋಡೆಗೆ ಒರಗಿ ನಿಂತಿದ್ದಳು.

"ಈಗ ಹೇಳು. ಎಂತಾಯ್ತು?"

"ನನ್ನ ತಪ್ಪು ಸಿಸ್ಟರ್."

"ಅದು ಗೊತ್ತುಂಟು. ಸಿರಿಂಜ್ ತುಂಬಿಸುವಾಗ ನೀನು ಹಮೀದನ ಮಂಚದ ಹತ್ತಿರ ಇದ್ದೆ, ನಾನು ನೋಡಿದ್ದೇನೆ. ಆ ಮಂಚದಿಂದ ಈ ಮಂಚಕ್ಕೆ ಯಾಕೆ ಹೋದದ್ದು?"

ಸುಪ್ರಿತಾ ಬಾಗಿಲ ಕಡೆ ನೋಡಿದಳು. ಅಚ್ಚಾಮ್ಮ ಬಾಗಿಲು ಹಾಕಿದರು.

ಅವಳು ಹೇಳಿದ್ದು ಇದು. ಸಿರಿಂಜ್ ಕೈಯಲ್ಲಿ ಹಿಡಿದು ಹಮೀದನ ಕೈಪಟ್ಟಿ ಓದಲು ಬಗ್ಗಿದ್ದಾಗ ರಾಜೀವಿ ಹಿಂದಿನಿಂದ ಕರೆದರು. "ನಿನ್ನನ್ನು ಎಲ್ಲೋ ನೋಡಿದ ಹಾಗೆ ಉಂಟಲ್ಲ ಮಗಾ. ಮನೆ ಎಲ್ಲಿ?" ಬೆಟ್ಟಂಪಾಡಿ ಎಂದಳು. "ಅದು ತವರಾ, ಗಂಡನ ಮನೆಯಾ?" ಗಂಡನ ಮನೆ ಎಂದಳು. "ಬೆಟ್ಟಂಪಾಡಿಯಲ್ಲಿ ಯಾರ ಮನೆ?" ಅದನ್ನೂ ಹೇಳಿದಳು. ರಾಜೀವಿ ಕೈಚಪ್ಪಾಳೆ ತಟ್ಟಿದರು. "ಅಯ್ಯೋ, ನಮ್ಮ ಸೀತುವಿನ ಸೊಸೆಯಾ ನೀನು! ಸೀತು ಅಂದ್ರೆ ಇವರ ದೊಡ್ಡಮ್ಮನ ಮಗಳು ಮಾರಾಯ್ತಿ! ನಾವು ಮದುವೆಗೆ ಬಂದಿದ್ದೆವು, ನೀನು ತಲೆ ಎತ್ತಿದರೆ ಅಲ್ವಾ ನಮ್ಮನ್ನು ನೋಡುದು! ರೀ, ನೋಡಿ, ನಮ್ಮ ಹುಡುಗಿಯೇ ಸೂಜಿ ಕೊಡುದು. ಬಾ ಮಗಾ, ಮೊದಲು ನಮ್ಮವರಿಗೆ ಕೊಡು, ನಿನ್ನೆಯಿಂದ ಉಪವಾಸ ಪಾಪ."

"ನೀನು ಹೋದೆ."

"ಮಾತಾಡದೆ ನಿಂತಿದ್ರೆ ಮಧ್ಯಾಹ್ನದೊಳಗೆ ಅತ್ತೆಗೆ ಫೋನ್ ಹೋಗ್ತಿತ್ತು ಸಿಸ್ಟರ್. ನಿನ್ನ ಸೊಸೆಗೆ ಎಂತ ಅಹಂಕಾರ ಅಂತ." ಸುಪ್ರಿತಾ ಕಣ್ಣೊರೆಸಿಕೊಂಡಳು. "ಮನೆಯಲ್ಲಿ ಬಡಿಸುವಾಗ ಅತ್ತೆ ಬಾಯಲ್ಲಿ ಹೇಳುದೇ ಇಲ್ಲ. ಯಾರಿಗೆ ಮೊದಲು ಅಂತ ಕಣ್ಣಲ್ಲೇ ತೋರಿಸ್ತಾರೆ, ಕೈ ಆ ಕಡೆ ಹೋಗ್ತದೆ. ಹಾಗೇ ಹೋಯ್ತು. ಅವರಿಗೆ ಕೊಡಬೇಕಾದ ಆಂಟಿಬಯಾಟಿಕ್ ಟ್ರೇಯಲ್ಲೇ ಇತ್ತು. ಕೈಯಲ್ಲಿ ಇದ್ದದ್ದು ಇದು. ಮಾವ ಅಂತ ಕರೆದು ಕೊಟ್ಟೆ. ಹೆಸರು ಕೇಳಲಿಲ್ಲ."

"ರಿತೇಶನಿಗೆ ಇದನ್ನು ಯಾಕೆ ಹೇಳಲಿಲ್ಲ?"

"ಹೇಳಬೇಡಿ ಸಿಸ್ಟರ್! ದೊಡ್ಡವರ ಮೇಲೆ ತಪ್ಪು ಹಾಕಿದೆ ಅಂತ ಆಗ್ತದೆ. ಆ ಮನೆಯಲ್ಲಿ ನಾನು ನಿಲ್ಲುದು ಹೇಗೆ?"

"ಹೇಳದಿದ್ರೆ ಕೆಲಸ ಹೋಗ್ತದೆ."

"ಅದೂ ಗೊತ್ತುಂಟು. ಈ ಕೆಲಸಕ್ಕೆ ಬಿಟ್ಟದ್ದೇ ಕಷ್ಟದಲ್ಲಿ. ಇದು ಹೋದ್ರೆ ಇನ್ನೊಂದಕ್ಕೆ ಬಿಡುದಿಲ್ಲ. ದನ ಕರೆಯುದು, ಅಡಿಕೆ ಸುಲಿಯುದು, ಅಷ್ಟೇ ಮತ್ತೆ."

ಅಚ್ಚಾಮ್ಮನಿಗೆ ಇನ್ನೊಂದು ವಿಷಯ ನೆನಪಾಯಿತು. ಬೆಳಿಗ್ಗೆ ಅದೇ ಹೊತ್ತಿಗೆ ಮೇಜಿನ ಹತ್ತಿರದಿಂದ ತಾವೂ ಕೂಗಿದ್ದರು: ಸುಪ್ರಿತಾ, ಎಕ್ಸ್‌ರೇ ಕವರ್ ಎಲ್ಲಿಟ್ಟೆ? ಅವಳು ಸೂಜಿ ಚುಚ್ಚುತ್ತಲೇ ಕಪಾಟಿನ ಮೇಲೆ ಎಂದು ಉತ್ತರ ಕೊಟ್ಟಿದ್ದಳು.

ಅಷ್ಟರಲ್ಲಿ ಹೊರಗಿನಿಂದ ಇರ್ಫಾನಾಳ ಕೂಗು ಕೇಳಿತು. "ಸಿಸ್ಟರ್, ಬನ್ನಿ! ಈ ಅಣ್ಣ ಏನೇನೋ ಹೇಳ್ತಾ ಉಂಟು!"

ರೈಗಳು ಹಾಸಿಗೆಯಲ್ಲಿ ಎದ್ದು ಕೂರಲು ಹೆಣಗುತ್ತಿದ್ದರು. ಪಂಪಿನ ಸ್ವಿಚ್ ಆರಿಸಲಿಲ್ಲ, ಕೆರೆ ಖಾಲಿಯಾಗುತ್ತದೆ ಎನ್ನುತ್ತಿದ್ದರು. ರಾಜೀವಿ ಭುಜ ಹಿಡಿದರೆ "ನೀವು ಯಾರು?" ಎಂದು ಕೇಳಿದರು. ಡಾ. ಪ್ರೀತಿಕಾ ಆಗಲೇ ಮತ್ತೊಂದು ಗ್ಲೂಕೋಸ್ ಸಿರಿಂಜ್ ಸಿದ್ಧ ಮಾಡಿದ್ದರು. ಅಚ್ಚಾಮ್ಮ ರೈಗಳ ಕೈ ಅಲುಗದಂತೆ ಒತ್ತಿ ಹಿಡಿದರು, ಡಾಕ್ಟರಮ್ಮ ನಿಧಾನವಾಗಿ ಏರಿಸಿದರು. ಅಚ್ಚಾಮ್ಮನ ಜೇಬಿನಲ್ಲಿ ಫೋನ್ ನಡುಗಿತು, ನಿಂತಿತು, ಮತ್ತೆ ನಡುಗಿತು. ಡೇವಿಸನೇ. ಕುಕ್ಕರಿನ ರಬ್ಬರೋ, ಹಾಲಿನ ಪಾತ್ರೆಯೋ ಸಿಗದಿರಬೇಕು. ಅವರು ಅದನ್ನು ನಡುಗಲು ಬಿಟ್ಟರು.

ರೈಗಳ ಕಣ್ಣು ಒಂದು ಕಡೆ ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು.

"ರಾಜೀವಿ," ಎಂದರು, "ನನಗೆ ಒಂದು ಚಾ ಸಿಗುದಿಲ್ವಾ?"

"ಸಕ್ಕರೆ ಹಾಕಿ ಕೊಡಿ. ಸ್ಕ್ಯಾನ್ ನಾಳೆ ಮಾಡಿದರಾಯ್ತು," ಎಂದರು ಡಾಕ್ಟರಮ್ಮ.

ಇರ್ಫಾನಾ ತನ್ನ ಫ್ಲಾಸ್ಕಿನಿಂದಲೇ ಚಾ ಬಗ್ಗಿಸಿದಳು. ರಾಜೀವಿ ಲೋಟ ತೊಳೆಯುವ ನೆಪದಲ್ಲಿ ನಲ್ಲಿಯ ಹತ್ತಿರ ಹೋದರು. ಅಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದುದನ್ನು ಅಚ್ಚಾಮ್ಮ ಕಂಡರು.

"ಇನ್ನು ಹೆದರಬೇಡಿ ರಾಜೀವಿಯಕ್ಕ. ಸಕ್ಕರೆ ಏರಿದೆ, ನಿಲ್ತದೆ."

"ನಾನು ಕರೆದದ್ದರಿಂದ ಅಲ್ವಾ ಸಿಸ್ಟರ್?"

ಅಚ್ಚಾಮ್ಮ ನಲ್ಲಿ ನಿಲ್ಲಿಸಿದರು.

"ಅವಳು ಆ ಸಾಯ್ಬರ ಕೈ ಹಿಡಿದು ಬಗ್ಗಿದ್ದಳು. ನಾನೇ ಬಾ ಅಂದೆ. ನಮ್ಮವರಿಗೆ ಮೊದಲು ಕೊಡು ಅಂದೆ. ನಾನು ಎಂತ ಗ್ರಹಿಸಿದೆ ಗೊತ್ತುಂಟಾ? ನಮ್ಮ ಹುಡುಗಿ ಇದ್ದಾಳೆ, ಇನ್ನು ಇವರಿಗೆ ಒಳ್ಳೆದಾಗಿ ನೋಡ್ತಾಳೆ ಅಂತ."

"ಮಗನಿಗೆ ಹೇಳಿದ್ರಾ?"

"ಅಶ್ವಿತನಿಗಾ? ನನ್ನನ್ನು ಬಿಡ್ತಾನಾ ಅವನು? ಮೊದಲೇ ಹೇಳ್ತಾನೆ, ಅಮ್ಮನ ಬಾಯಿಗೆ ಬೀಗ ಇಲ್ಲ ಅಂತ. ಇವರಿಗೂ ಅದೇ ಮಾತು. ಇನ್ನು ಸಾಯುವವರೆಗೆ ನೆಂಟರ ಎದುರು ಇದನ್ನೇ ಹೇಳಿ ನಗಾಡ್ತಾರೆ. ನೀವು ಹೇಳಬೇಡಿ, ಆಯ್ತಾ?"

"ನಾನು ಹೇಳುದಿಲ್ಲ," ಎಂದರು ಅಚ್ಚಾಮ್ಮ. "ಆ ಹುಡುಗಿಯೂ ಹೇಳುದಿಲ್ಲ. ನಿಮ್ಮ ಹೆಸರು ಎತ್ತಬೇಡಿ ಅಂತ ನನ್ನ ಕಾಲಿಗೆ ಬೀಳುದೊಂದು ಬಾಕಿ. ಸಂಜೆ ಬ್ಯಾಗ್ ಹಿಡಿದು ಹೋಗ್ತಾಳೆ. ಹೇಳುದು ಬಿಡುದು ನಿಮಗೆ ಬಿಟ್ಟದ್ದು."

ರಾಜೀವಿ ನಲ್ಲಿ ತಿರುಗಿಸಿ ಲೋಟವನ್ನು ಮತ್ತೆ ಮತ್ತೆ ತೊಳೆದರು.

ಮಧ್ಯಾಹ್ನ ಕಳೆಯಿತು. ರೈಗಳು ಗಂಜಿ ಉಂಡರು, ನಿದ್ದೆ ಹೋದರು. ಪ್ರತಿ ಸಲ ಬೆರಳು ಚುಚ್ಚಿದಾಗಲೂ ಬೈದರು, ಅದು ಒಳ್ಳೆಯ ಲಕ್ಷಣವಾಗಿತ್ತು. ಡಾಕ್ಟರಮ್ಮ ಇನ್ನು ಭಯವಿಲ್ಲ ಎಂದ ಮೇಲೆ ರಿತೇಶ್ ಎಲ್ಲರನ್ನೂ ತನ್ನ ಕೋಣೆಗೆ ಕರೆದ. ಅಶ್ವಿತ್ ಕುರ್ಚಿಯಲ್ಲಿ, ಡಾ. ಪ್ರೀತಿಕಾ ಕಿಟಕಿಯ ಹತ್ತಿರ. ಸುಪ್ರಿತಾ ನಿಂತಿದ್ದಳು. ಅಚ್ಚಾಮ್ಮನಿಗೂ ಕೂರಲು ಯಾರೂ ಹೇಳಲಿಲ್ಲ.

"ತಪ್ಪು ಒಪ್ಪಿಕೊಂಡಿದ್ದಾಳೆ. ಇನ್ನು ಮಾತು ಎಂತ ಉಂಟು?" ಎಂದ ರಿತೇಶ್.

"ಉಂಟು," ಎಂದರು ಅಚ್ಚಾಮ್ಮ. "ಅವಳ ಕೈಯಲ್ಲಿ ಇನ್ಸುಲಿನ್ ಇರುವಾಗ ನಾನು ಎಕ್ಸ್‌ರೇ ಕವರ್ ಎಲ್ಲಿ ಅಂತ ಕೂಗಿದೆ. ಅವಳು ಉತ್ತರ ಕೊಟ್ಟಳು. ಅವಳನ್ನು ತೆಗೆಯುದಾದ್ರೆ ನನ್ನನ್ನೂ ತೆಗೀರಿ."

"ಅಷ್ಟು ಸಣ್ಣ ಮಾತಿಗೆ ಕೈ ತಪ್ಪುತ್ತದಾ ಸಿಸ್ಟರ್? ನೀವು ಮನೆಯಲ್ಲಿ ಮಾತಾಡ್ತಾ ಅಡಿಗೆ ಮಾಡುದಿಲ್ವಾ?"

"ಮಾಡ್ತೇವೆ. ಸಾರಿಗೆ ಎರಡು ಸಲ ಉಪ್ಪು ಬೀಳುದು ಹಾಗೆಯೇ. ನೀವು ಬೈದು ಮಜ್ಜಿಗೆ ಹಾಕ್ಕೊಂಡು ಉಂಡು ಏಳ್ತೀರಿ. ಇಲ್ಲಿ ಬಿದ್ದದ್ದು ಉಪ್ಪಲ್ಲ."

ರಿತೇಶ್ ನಗಲು ನೋಡಿದ.

"ನನ್ನ ಗಂಡ ರಬ್ಬರ್ ಹಾಲಿಗೆ ಆಸಿಡ್ ಹಾಕುವಾಗ ನಾವು ಮನೆಯವರು ಉಸಿರೆತ್ತುದಿಲ್ಲ," ಎಂದರು ಅಚ್ಚಾಮ್ಮ. "ಶೀಟಿಗೆ ಇರುವ ಮರ್ಯಾದೆ ಇಲ್ಲಿ ಇನ್ಸುಲಿನ್‌ಗೆ ಇಲ್ಲ. ಔಷಧಿ ಕೊಡುವವಳನ್ನು ಎಲ್ಲರೂ ಕರೀತಾರೆ. ನಾನು ಕರೀತೇನೆ, ನೀವು ಕರೀತೀರಿ, ಡಾಕ್ಟರ್ ಕರೀತಾರೆ, ಪೇಷೆಂಟಿನ ಕಡೆಯವರು ಕರೀತಾರೆ."

"ನಮ್ಮ ಕಡೆಯವರು ಯಾರು ಕರೆದದ್ದು?" ಅಶ್ವಿತ್ ಮುಂದಕ್ಕೆ ಬಗ್ಗಿದ.

ಸುಪ್ರಿತಾ ಅಚ್ಚಾಮ್ಮನ ಕಡೆ ನೋಡಿದಳು. ಬೇಡ ಎಂದು ತಲೆ ಅಲ್ಲಾಡಿಸಲೂ ಅವಳಿಗೆ ಹೆದರಿಕೆ. ಅಚ್ಚಾಮ್ಮ ತುಟಿ ಬಿಗಿಹಿಡಿದರು. ಮಾತು ಕೊಟ್ಟಿದ್ದರು.

ಬಾಗಿಲು ತಟ್ಟದೆಯೇ ರಾಜೀವಿ ಒಳಗೆ ಬಂದರು.

"ಅಮ್ಮ, ನಿಮಗೆ ಎಂತ ಕೆಲಸ ಇಲ್ಲಿ? ಅಪ್ಪನ ಹತ್ರ ಯಾರಿದ್ದಾರೆ?"

"ಇರ್ಫಾನಾ ಇದ್ದಾಳೆ." ರಾಜೀವಿ ಮಗನನ್ನು ದಾಟಿ ಡಾಕ್ಟರಮ್ಮನ ಎದುರು ನಿಂತರು. "ಇವಳನ್ನು ಕರೆದದ್ದು ನಾನು. ಕೆಲಸದ ಮಧ್ಯೆ ಕರೆದು ಮನೆ, ನೆಂಟಸ್ತಿಕೆ ಎಲ್ಲ ಕೇಳಿದೆ. ಮೊದಲು ಇವರಿಗೆ ಕೊಡು ಅಂದದ್ದೂ ನಾನು. ಸೊಸೆ ಅಲ್ವಾ, ಕೊಟ್ಟಳು."

"ನಿಮಗೆ ಎಷ್ಟು ಸಲ ಹೇಳಿದ್ದೇನೆ, ಆ ಬಾಯಿ..."

"ಹೇಳು ಮಗಾ. ಮನೆಗೆ ಹೋಗಿ ಬೇಕಾದಷ್ಟು ಹೇಳು, ಕೇಳ್ತೇನೆ. ಇವಳ ಕೆಲಸ ತೆಗೆಯುದು ಬೇಡ."

ಅಶ್ವಿತ್ ಅಮ್ಮನನ್ನು ನೋಡಿದ, ಸುಪ್ರಿತಾಳನ್ನು ನೋಡಿದ. ಕೊನೆಗೆ ನೆಲ ನೋಡಿದ.

ಡಾ. ಪ್ರೀತಿಕಾ ಕಿಟಕಿಯಿಂದ ಈಚೆ ಬಂದರು. "ಯಾರು ಕರೆದರೂ, ಹೆಸರು ಕೇಳದೆ ಕೊಟ್ಟದ್ದು ತಪ್ಪೇ ಸುಪ್ರಿತಾ."

"ಹೌದು ಮೇಡಂ."

"ಆದರೆ ನಿನ್ನನ್ನು ಕಳಿಸಿ ಇನ್ನೊಬ್ಬಳನ್ನು ತಂದರೆ ಅವಳನ್ನೂ ಯಾರಾದರೂ ಕರೆದೇ ಕರೀತಾರೆ. ರಿತೇಶ್, ಇವಳು ಇರಲಿ. ಸದ್ಯಕ್ಕೆ ಇವಳು ಸೂಜಿ ಕೊಡುವಾಗೆಲ್ಲ ಅಚ್ಚಾಮ್ಮ ಪಕ್ಕದಲ್ಲಿ ನಿಲ್ಲಲಿ. ಔಷಧಿ ಕೊಡುವವಳು ಬಣ್ಣದ ಏಪ್ರನ್ ಹಾಕಲಿ. ಅದು ಮೈಮೇಲೆ ಇರುವಾಗ ಅವಳನ್ನು ಯಾರೂ ಮಾತಾಡಿಸುವ ಹಾಗಿಲ್ಲ, ನಾನೂ ಸೇರಿ."

"ಏಪ್ರನ್ ಹೊಲಿಸುವ ಮೇಡಂ, ಒಂದು ಬೋರ್ಡೂ ಹಾಕುವ," ಎಂದ ರಿತೇಶ್. ಸುಲಭದಲ್ಲಿ ಮುಗಿಯಿತೆಂದು ಅವನಿಗೆ ಸಮಾಧಾನವಾಗಿತ್ತು.

"ಬೋರ್ಡ್ ಉತ್ತರ ಕೊಡುದಿಲ್ಲ," ಎಂದರು ಅಚ್ಚಾಮ್ಮ. "ಡ್ರಿಪ್ಸ್ ಮುಗಿದವನು ಕರೆಯದೆ ಇರ್ತಾನಾ? ಉಸಿರು ಕಟ್ಟಿದವನು ಬೋರ್ಡ್ ಓದ್ತಾನಾ? ಅವಳು ಬಾಯಿ ಮುಚ್ಚಿ ಕೆಲಸ ಮಾಡಬೇಕಾದ್ರೆ ಉತ್ತರ ಕೊಡ್ಲಿಕ್ಕೆ ಇನ್ನೊಬ್ಬಳು ಬೇಕು. ಆ ಹೊತ್ತಿಗೆ ಒಪಿಡಿಯಿಂದ ಒಬ್ಬಳನ್ನು ಮೇಲೆ ಕಳಿಸಿ."

"ಜನ ಎಲ್ಲಿದ್ದಾರೆ ಸಿಸ್ಟರ್?"

"ಜನ ಇಲ್ಲ ಅಂತ ಇಷ್ಟು ವರ್ಷ ಇಬ್ಬರ ಕೆಲಸ ಒಬ್ಬಳ ಹತ್ರ ಮಾಡಿಸಿದ್ರಲ್ಲ. ಇವತ್ತು ಬೆಳಿಗ್ಗೆ ಅದೇ ಆದದ್ದು."

ರಿತೇಶ್ ಡಾಕ್ಟರಮ್ಮನ ಮುಖ ನೋಡಿದ. ಆಕೆ ಹೌದೆಂದು ತಲೆಯಾಡಿಸಿದರು.

ಆ ಸಂಜೆ ಇಚಿಲಂಪಾಡಿಯ ಮನೆಗೆ ಬಂದಾಗ ಡೇವಿಸ್ ಬಾಗಿಲಲ್ಲೇ ಕೇಳಿದ: "ಫೋನ್ ಯಾಕೆ ತೆಗೆಯಲಿಲ್ಲ? ಗ್ಯಾಸ್ ಮುಗಿದಿತ್ತು, ಇನ್ನೊಂದು ಸಿಲಿಂಡರ್ ಹೇಗೆ ಜೋಡಿಸುದು ಅಂತ ಕೇಳ್ಲಿಕ್ಕೆ." ಮತ್ತೆ ಏನು ಮಾಡಿದಿರಿ ಎಂದು ಅಚ್ಚಾಮ್ಮ ಕೇಳಿದರು. "ಎಂತ ಮಾಡುದು, ನಾನೇ ಜೋಡಿಸಿದೆ," ಎಂದ. ಅಚ್ಚಾಮ್ಮ ಕೈಕಾಲು ತೊಳೆಯಲು ಹೋದರು.

ಮರುದಿನ ಬೆಳಿಗ್ಗೆ ವಾರ್ಡಿನ ಬಾಗಿಲಲ್ಲಿ ಒಪಿಡಿಯ ನರ್ಸ್ ನಿಂತು ಬಂದವರಿಗೆಲ್ಲ ಉತ್ತರ ಕೊಡುತ್ತಿದ್ದಳು. ಏಪ್ರನ್ ಇನ್ನೂ ಹೊಲಿದಾಗಿರಲಿಲ್ಲ. ಆಪರೇಷನ್ ಕೋಣೆಯ ಹಸಿರು ಗೌನನ್ನೇ ಸುಪ್ರಿತಾ ಹಾಕಿಕೊಂಡಿದ್ದಳು, ಅದು ಅವಳಿಗೆ ಕಣಕಾಲಿನವರೆಗೆ ಇತ್ತು. ಹಮೀದನ ಹೆಸರು ಕೇಳಿ, ಕೈಪಟ್ಟಿ ಓದಿ, ಇನ್ಸುಲಿನ್ ಕೊಟ್ಟಳು. ಟ್ರೇಯಿಂದ ಆಂಟಿಬಯಾಟಿಕ್ ತೆಗೆದುಕೊಂಡು ರೈಗಳ ಮಂಚಕ್ಕೆ ಬಂದಳು, ಅಚ್ಚಾಮ್ಮ ಪಕ್ಕದಲ್ಲೇ ಇದ್ದರು. ತಲೆಯ ಕಡೆ ಅಶ್ವಿತ್ ಕೈಕಟ್ಟಿ ನಿಂತಿದ್ದ.

"ನಿಮ್ಮ ಹೆಸರು ಹೇಳಿ," ಎಂದಳು ಸುಪ್ರಿತಾ. ಮಾವ ಎನ್ನಲಿಲ್ಲ.

ರೈಗಳು ಹುಬ್ಬೇರಿಸಿದರು. "ಎಂತ ಮಗಾ, ಮಾವನ ಹತ್ರವೇ ಹೆಸರು ಕೇಳುದಾ? ನಮ್ಮ ಕಾಲದಲ್ಲಿ ಸೊಸೆಯಂದಿರು..."

ಅವಳು ತಲೆ ತಗ್ಗಿಸಲಿಲ್ಲ, ನಗಲೂ ಇಲ್ಲ. ಸಿರಿಂಜನ್ನು ಟ್ರೇಯ ಮೇಲೆ ಹಿಡಿದುಕೊಂಡೇ ನಿಂತಳು. ಅಚ್ಚಾಮ್ಮನಿಗೆ ಮಧ್ಯೆ ಬಾಯಿ ಹಾಕಬೇಕೆನಿಸಿತು, ತಡೆದುಕೊಂಡರು. ರಾಜೀವಿ ಎರಡೂ ಕೈಯಿಂದ ಮಂಚದ ಕಂಬಿ ಹಿಡಿದು ಗಂಡನನ್ನು ನೋಡುತ್ತಿದ್ದರು.

"ಹೆಸರು ಹೇಳಿ," ಎಂದಳು ಸುಪ್ರಿತಾ ಮತ್ತೆ.

ರೈಗಳು ಹೆಂಡತಿಯ ಮುಖ ನೋಡಿದರು. ಆಮೇಲೆ ಕೈಪಟ್ಟಿ ಇದ್ದ ಕೈಯನ್ನು ಮುಂದೆ ಚಾಚಿದರು.

"ತ್ಯಾಂಪಣ್ಣ ರೈ," ಎಂದರು.

ಅವಳು ಬಗ್ಗಿ ಕೈಪಟ್ಟಿ ಓದಿದಳು. ಸಿರಿಂಜಿನ ಮೇಲಿನ ಚೀಟಿ ಓದಿದಳು. ಇನ್ನೊಮ್ಮೆ ಓದಿದಳು. ಅವಳಿಗೆ ಬೇಕಾದಷ್ಟು ಹೊತ್ತು ಓದಲು ಎಲ್ಲರೂ ಬಿಟ್ಟರು.